ಹೊಳೆ ದಂಡೆಗೆ ಹೋದ ಟೆಸ್ಟ್ ಸಂದೇಶ

ಜಾಹೆದಾ ಮಾನ್ವಿಯ ಒಂದು ಖಾಸಗಿ ಶಾಲೆಯಲ್ಲಿ ಒಂಬತ್ತು ವರ್ಷ ಗಣಿತ ಕಲಿಸಿದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿದ ಮೇಲೆ ಮನೆಯಲ್ಲೇ ಕೂತು ಆರು ತಿಂಗಳು ಒಂದು ಕಂಪ್ಯೂಟರ್ ಕೋರ್ಸು ಮುಗಿಸಿದಳು. ಆಮೇಲೆ ರಾಯಚೂರಿನ ತೀನ್ ಕಂದೀಲ್ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಬಸವಪ್ರಸಾದನ ಕಚೇರಿಗೆ ಸೇರಿಕೊಂಡಳು. ಕಚೇರಿ ಎಂದರೆ ನಾಲ್ಕು ಮೇಜು, ಒಂದು ಕೂಲರ್, ಕರೆಂಟು ಹೋದಾಗ ಕುಂಯ್ ಎನ್ನುವ ಒಂದು ಇನ್ವರ್ಟರ್. ಬೆಳಗ್ಗೆ ಎಂಟರ ಬಸ್ಸಿಗೆ ಮಾನ್ವಿಯಿಂದ ಹೊರಟರೆ ಹತ್ತರೊಳಗೆ ಮೇಜಿನ ಮುಂದೆ ಇರುತ್ತಿದ್ದಳು.

ಕಾವ್ಯಾ ಎಂಬ ಇಪ್ಪತ್ತಾರರ ಹುಡುಗಿ ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಅವಳು ಬರೆದದ್ದು ನೆಟ್ಟಗೆ ನಡೆಯುತ್ತದೋ ಇಲ್ಲವೋ ಎಂದು ತಾನಾಗಿಯೇ ಪರೀಕ್ಷೆ ಮಾಡುವ ಇನ್ನೊಂದು ಪ್ರೋಗ್ರಾಂ ಬರೆಯುವುದು ಜಾಹೆದಾಳ ಕೆಲಸ. ಒಂದು ಗುಂಡಿ ಒತ್ತಿದರೆ ಸಾಕು, ನಲವತ್ತು ಟೆಸ್ಟ್‌ಗಳು ಒಂದರ ಹಿಂದೊಂದು ಓಡಿ, ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು ಎಂದು ಪರದೆಯ ಮೇಲೆ ಬರುತ್ತಿತ್ತು. ಉತ್ತರಪತ್ರಿಕೆ ತಿದ್ದಿದ ಕೈಗೆ ಈ ಕೆಲಸ ಬೇಗ ಒಗ್ಗಿತು.

ಆ ವರ್ಷ ಅವರು ಹಿಡಿದಿದ್ದು ಹೊಳೆಯ ಸುದ್ದಿ ಮುಟ್ಟಿಸುವ ಕೆಲಸ. ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿರುವ ಏಳು ಊರಿನ ರೈತರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಸುದ್ದಿ ಆಯಾ ಊರಿನವರ ಮೊಬೈಲಿಗೆ ಆ ಕ್ಷಣವೇ ಬರಬೇಕು, ದೊಡ್ಡದಾಗಿ ಗಂಟೆ ಬಾರಿಸಬೇಕು ಎಂಬುದು ಅವರ ಬೇಡಿಕೆ. ಸಂಘದ ಕಾರ್ಯದರ್ಶಿ ದೇವದುರ್ಗದಲ್ಲಿ ಕೂತು ಒಂದು ಸಾಲು ಟೈಪ್ ಮಾಡಿದರೆ ಅದು ನೂರಾರು ಮೊಬೈಲಿನಲ್ಲಿ ಒಟ್ಟಿಗೆ ಮೂಡಬೇಕು. ಯಾರೂ ಮೊಬೈಲಿನಲ್ಲಿ ಆ ಪುಟವನ್ನು ಮತ್ತೆ ತೆರೆಯುವ ಅಗತ್ಯ ಇರಬಾರದು. ಊರುಗಳ ಪಟ್ಟಿಯಲ್ಲಿ ಗೂಗಲ್ ಎಂಬ ಹೆಸರು ನೋಡಿ ಸರ್ವರ್ ಬಾಡಿಗೆ ಕೊಟ್ಟ ಹೈದರಾಬಾದಿನವನು, ನೀವು ಅಷ್ಟು ದೊಡ್ಡ ಕಂಪನಿಗೆ ಕೆಲಸ ಮಾಡ್ತೀರಾ ಎಂದು ಕೇಳಿದ್ದ. ಅಲ್ಲಮಪ್ರಭುವಿನ ಗುಡಿ ಇರುವ ಊರು ಅದು ಎಂದು ಕಾವ್ಯಾ ಅವನಿಗೆ ತಿಳಿಸಿ ಹೇಳುವುದರಲ್ಲಿ ಸಾಕುಸಾಕಾಗಿತ್ತು.

ಜಾಹೆದಾ ಮೊದಲು ಬರೆದ ಟೆಸ್ಟ್‌ಗಳೆಲ್ಲ ನಕಲಿ ಪ್ರಸಾರದವು. ಅಂದರೆ ಸಂದೇಶವನ್ನು ಕಳಿಸಲು ಒಪ್ಪಿಸಿದ್ದು ನಿಜವೇ ಎಂದು ಮಾತ್ರ ಅವು ನೋಡುತ್ತಿದ್ದವು. ಸಂದೇಶ ಎಲ್ಲಿಗೂ ಹೋಗುತ್ತಿರಲಿಲ್ಲ. ಎಲ್ಲ ಕಡೆ ಹಾಗೇ ಮಾಡುತ್ತಾರೆ, ಬೇಗ ಮುಗಿಯುತ್ತದೆ. ನಲವತ್ತೂ ಹಸಿರಾದವು. ಬಸವಪ್ರಸಾದನಿಗೆ ಅಷ್ಟು ಸಾಕಾಗಿತ್ತು. ಜಾಹೆದಾಳಿಗೆ ಸಾಕಾಗಲಿಲ್ಲ.

"ಸರ್, ಪೋಸ್ಟ್ ಡಬ್ಬಿಗೆ ಕಾಗದ ಹಾಕೋದು ನೋಡಿ, ಕಾಗದ ಮುಟ್ತು ಅಂತ ಬರದಂಗಾತು ಇದು," ಎಂದಳು. "ಖರೇನ ಒಂದು ಬ್ರೌಸರ್ ತೆರದು, ಅದರಾಗ ಸಂದೇಶ ಬಂದಿದ್ದು ನೋಡಬೇಕ್ರಿ."

"ಮಾಡ್ರಿ ಮೇಡಂ. ಆದ್ರ ಸೋಮವಾರ ಸಂಘದವ್ರು ನೋಡಾಕ ಬರತಾರ. ಅಷ್ಟರಾಗ ಮುಗಸ್ರಿ," ಎಂದ ಬಸವಪ್ರಸಾದ.

ಎರಡು ದಿನದಲ್ಲಿ ಅವಳು ಇನ್ನೆರಡು ಟೆಸ್ಟ್ ಬರೆದಳು. ಅವುಗಳಲ್ಲಿ ಒಂದು ಎಲ್ಲ ಊರುಗಳಿಗೂ ಒಟ್ಟಿಗೆ ಸಂದೇಶ ಕಳಿಸಿ, ಇನ್ನೊಂದು ಕಡೆ ತೆರೆದಿಟ್ಟ ಬ್ರೌಸರ್‌ನಲ್ಲಿ ಅದು ಮೂಡುವುದನ್ನು ಕಾಯುತ್ತಿತ್ತು. ಇಂಥ ಕಡೆ ಬೇರೆಯವರು 'ಅಆಇಈ' ಎಂದೋ 'ಟೆಸ್ಟ್ ೧' ಎಂದೋ ಬರೆದು ಕೈತೊಳೆದುಕೊಳ್ಳುತ್ತಾರೆ. ಜಾಹೆದಾ ಹಾಗೆ ಮಾಡುವವಳಲ್ಲ. ಲೆಕ್ಕ ಎಂದರೆ ನಿಜವಾದ ಹೊಲ, ನಿಜವಾದ ತೊಟ್ಟಿ ಇರಬೇಕು, ಆಗ ಮಕ್ಕಳಿಗೆ ತಪ್ಪು ಕಣ್ಣಿಗೆ ಬೀಳುತ್ತದೆ ಎಂದು ನಂಬಿದ ಟೀಚರ್ ಅವಳು. ಹೀಗಾಗಿ ಟೆಸ್ಟ್‌ನಲ್ಲಿ ಹೀಗೆ ಬರೆದಳು: 'ಮೂರು ಲಕ್ಷ ಕ್ಯುಸೆಕ್ ನೀರು ಬಿಡಲಾಗಿದೆ. ಹೊಳೆ ದಂಡೆಯಲ್ಲಿ ಇರುವವರು ಕೂಡಲೇ ಮೇಲೆ ಬನ್ನಿ.'

ಪರೀಕ್ಷೆಗೆಂದೇ ಒಂದು ಬೇರೆ ಸರ್ವರ್ ಇತ್ತು. ನಿಜವಾದ ಸರ್ವರ್‌ನಲ್ಲಿ ಆಗಲೇ ಏಳು ಊರಿನ ನೂರಾ ಅರವತ್ತಮೂರು ಮೊಬೈಲುಗಳು ಸೇರಿಕೊಂಡಿದ್ದವು. ಜೂನ್ ತಿಂಗಳ ಒಂದು ಗುರುವಾರ ಬೆಳಗ್ಗೆ ಬೇರೆ ಏನೋ ಒಂದನ್ನು ನೋಡಲೆಂದು ಕಾವ್ಯಾ ಅವಳಿಗೆ ನಿಜವಾದ ಸರ್ವರ್‌ನ ವಿಳಾಸ, ಕೀಲಿ ಎರಡನ್ನೂ ಕೊಟ್ಟಿದ್ದಳು. ಜಾಹೆದಾ ಅದನ್ನು ತನ್ನ ಫೈಲಿನಲ್ಲಿ ಹಾಕಿ, ನೋಡಿ, ಊಟಕ್ಕೆ ಎದ್ದಳು. ಹಳೇ ವಿಳಾಸವನ್ನು ಮತ್ತೆ ಹಾಕಲು ಮರೆತಳು.

ಮಧ್ಯಾಹ್ನ ಮೂರು ಹತ್ತಕ್ಕೆ ಗುಂಡಿ ಒತ್ತಿದಳು. ನಲವತ್ತೆರಡು ಟೆಸ್ಟ್‌ಗಳೂ ಹಸಿರಾದವು. ಕೊನೆಯದಂತೂ ಒಂದು ಸೆಕೆಂಡಿನೊಳಗೆ ಪಾಸಾಯಿತು. ಅವಳಿಗೆ ಖುಷಿಯಾಯಿತು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡಳು.

ಮೂರು ಹದಿನೇಳಕ್ಕೆ ಬಸವಪ್ರಸಾದನ ಮೊಬೈಲು ಬಡಿದುಕೊಂಡಿತು. ಸಂಘದ ಕಾರ್ಯದರ್ಶಿ. "ಯಾರು ಕಳಿಸಿದ್ರೀ ಇದು? ನಾ ಟೈಪ್ ಮಾಡಿಲ್ಲ. ಅಣೆಕಟ್ಟಿಗೆ ಫೋನ್ ಹಚ್ಚಿದ್ರ ಒಂದು ಹನಿ ಬಿಟ್ಟಿಲ್ಲ ಅಂತಾರ. ಊರಾಗ ಮಂದಿ ಮೋಟರ್ ಎತ್ತಾಕ ಹೊಳಿ ಕಡೆ ಓಡಾಕತ್ತಾರ!"

ಆತನ ದನಿ ಇಡೀ ಕಚೇರಿಗೆ ಕೇಳಿಸಿತು. ಕಾವ್ಯಾ ತನ್ನ ಪರದೆ ನೋಡಿದಳು, ಆಮೇಲೆ ಜಾಹೆದಾಳ ಕಡೆ ನೋಡಿದಳು. ಜಾಹೆದಾ ಫೈಲು ತೆರೆದಳು. ವಿಳಾಸದ ಸಾಲನ್ನು ಎರಡು ಸಲ ಓದಿದಳು. ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ನಾನ ಸರ್. ನನ್ನ ಟೆಸ್ಟ್ ಖರೇ ಸರ್ವರ್‌ಗೆ ಹೋಗ್ಯದ," ಎಂದಳು.

ಮೂರು ಇಪ್ಪತ್ತನಾಲ್ಕಕ್ಕೆ ಎರಡನೆಯ ಸಂದೇಶ ಹೋಯಿತು: 'ಹಿಂದಿನ ಸಂದೇಶ ತಪ್ಪು. ನೀರು ಬಿಟ್ಟಿಲ್ಲ.' ಎರಡರ ನಡುವೆ ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಏನೂ ಆಗಿರಲಾರದು ಎಂದು ಮೂವರೂ ಸಮಾಧಾನ ಮಾಡಿಕೊಂಡರು.

ಸಂಜೆ ಆರಕ್ಕೆ ಕಾರ್ಯದರ್ಶಿ ಮತ್ತೆ ಫೋನ್ ಮಾಡಿದ. ಗೂಗಲ್‌ನಲ್ಲಿ ಅಂಬರೇಶ ಎಂಬ ರೈತ ದಂಡೆಯಿಂದ ಮೋಟರ್ ಮೇಲಕ್ಕೆ ಎಳೆಯುವಾಗ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದಾನೆ, ದೇವದುರ್ಗದಲ್ಲಿ ಕಟ್ಟು ಹಾಕಿಸಿದ್ದಾರೆ ಎಂದ. ಬಿದ್ದದ್ದು ಎಷ್ಟು ಹೊತ್ತಿಗೆ ಎಂದು ಜಾಹೆದಾ ಕೇಳಿಸಿದಳು. ನಾಲ್ಕು ಗಂಟೆಯ ಸುಮಾರಿಗೆ ಎಂದು ಉತ್ತರ ಬಂತು.

ಬಸವಪ್ರಸಾದ ಕೆಟ್ಟ ಮನುಷ್ಯನಲ್ಲ. ನಾಲ್ಕು ಜನರಿಗೆ ಕೆಲಸ ಕೊಟ್ಟು ಅದನ್ನು ಉಳಿಸಿಕೊಳ್ಳಬೇಕು ಎಂಬ ಚಿಂತೆಯವನು. "ಸರ್ವರ್ ತೊಂದ್ರಿ ಆಗಿತ್ತು ಅಂತ ಹೇಳೂಣು ಮೇಡಂ," ಎಂದ. "ಸುಳ್ಳೇನಲ್ಲ ಅದು. ಸರ್ವರ್‌ನಿಂದನ ಹೋಗ್ಯದ. ನಿಮ್ಮ ಹೆಸರು ಯಾಕ ಬೇಕು ನಡುವ?"

ಜಾಹೆದಾ ಕಂಪ್ಯೂಟರ್ ಆರಿಸಿ ಚೀಲ ಹೆಗಲಿಗೇರಿಸಿದಳು. ಆರೂವರೆಯ ಬಸ್ಸಿಗೆ ಮನೆಗೆ ಹೋದಳು. ಮಾನ್ವಿ ಬಜಾರಿನಲ್ಲಿ ಒಣಮೆಣಸಿನಕಾಯಿ ಮಾರುವ ಅವಳ ತಂದೆ ಗುಲಾಮ್ ರಸೂಲ್ ಊಟಕ್ಕೆ ಕೂತಾಗ ಮಗಳ ಮುಖ ನೋಡಿ ಏನೆಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು. ಸರ್ವರ್ ಎಂದರೇನು ಎಂಬುದು ಅವರ ತಲೆಗೆ ಹೋಗಲಿಲ್ಲ, ಕೈ ಮುರಿದದ್ದು ಹೋಯಿತು. "ಜಾಕೋ ಬೋಲ್ ದೇ ಬೇಟಾ," ಎಂದರು. ಹೋಗಿ ಹೇಳಿಬಿಡು. ಅಷ್ಟು ಹೇಳಿ ರೊಟ್ಟಿ ಮುರಿದರು.

ಮರುದಿನ ಅವಳು ಕಚೇರಿಗೆ ರಜೆ ಹೇಳಿ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಟಂಟಂ ಆಟೋ ಹಿಡಿದು ಗೂಗಲ್‌ನಲ್ಲಿ ಇಳಿದಳು. ಬಿಸಿಲು ಕಾಯುತ್ತಿತ್ತು. ಪಂಚಾಯ್ತಿ ಕಟ್ಟೆಯ ಮೇಲೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದಳು. ಸೊಂಟದಲ್ಲಿ ಕೀಲಿಗೊಂಚಲು. ಅಂಬರೇಶನ ಮನೆ ಎಲ್ಲಿ ಎಂದು ಜಾಹೆದಾ ಅವಳನ್ನೇ ಕೇಳಿದಳು.

"ಕೈ ಮುರಕೊಂಡ ಅಂಬರೇಶನ? ಬಾ ಯವ್ವಾ, ತೋರಸ್ತೀನಿ. ಅವನ್ನ ಎತ್ತಿಕೊಂಡು ಬಂದಾಕಿನ ನಾನು," ಎಂದು ಆಕೆ ಎದ್ದಳು.

ಆಕೆ ಬಂಡೆಮ್ಮ. ಹೊಳೆಯ ಪಂಪ್‌ಹೌಸಿನಿಂದ ಊರ ಟ್ಯಾಂಕಿಗೆ ನೀರು ಏರಿಸಿ, ಓಣಿ ಓಣಿಗೆ ನಲ್ಲಿ ಬಿಡುವ ಕೆಲಸ ಅವಳದು. ಗಂಡ ಮಾಡುತ್ತಿದ್ದ ಕೆಲಸ. ಅವನು ತೀರಿಕೊಂಡ ಮೇಲೆ ಕೀಲಿ ಇವಳ ಸೊಂಟಕ್ಕೆ ಬಂದಿತ್ತು.

ಅಂಬರೇಶ ಪಡಸಾಲೆಯ ಮಂಚದ ಮೇಲೆ ಕೂತಿದ್ದ. ನಲವತ್ತರ ಗಟ್ಟಿ ಆಳು. ಬಲಗೈ ಮೊಣಕೈವರೆಗೂ ಪ್ಲಾಸ್ಟರ್. ಜಾಹೆದಾ ಕೂಡಲಿಲ್ಲ. ನಿಂತೇ ಹೇಳಿದಳು. "ನಿನ್ನೆ ಬಂದ ಸಂದೇಶ ನಂದು. ಪರೀಕ್ಷೆಗೆ ಅಂತ ಬರದಿದ್ದೆ. ನನ್ನ ತಪ್ಪಿನಿಂದ ಅದು ನಿಮಗ ಬಂತು. ನಿಮ್ಮ ಕೈ ಮುರದದ್ದು ನನ್ನಿಂದ."

ಅಂಬರೇಶ ಒಂದು ಗಳಿಗೆ ಅವಳನ್ನೇ ನೋಡಿದ. "ಆತು ಬಿಡ್ರಿ ಮೇಡಂ. ಬೇಕಂತ ಮಾಡೀರೇನು?" ಎಂದ. "ಕೂಡ್ರಿ. ಚಾ ಕುಡದು ಹೋಗ್ರಿ."

ಚಹಾ ಬಂತು. ಕುಡಿಯುತ್ತ ಅವಳು ಕೇಳಿದಳು: "ತಪ್ಪು ಅಂತ ಇನ್ನೊಂದು ಸಂದೇಶ ಕಳಿಸಿದ್ವಿ. ಮೂರು ಇಪ್ಪತ್ತನಾಕಕ್ಕ. ನೀವು ಬಿದ್ದದ್ದು ನಾಕಕ್ಕ. ಅದು ನೋಡಲಿಲ್ಲೇನ್ರಿ?"

"ಎಲ್ಲಿ ಸಂದೇಶ?" ಅಂಬರೇಶ ಎಡಗೈಯಿಂದ ಮೊಬೈಲು ತೆಗೆದು ಪುಟ ತೋರಿಸಿದ. ಮೂರು ಲಕ್ಷ ಕ್ಯುಸೆಕ್‌ನ ಸಾಲು ಇತ್ತು. ಅದರ ಕೆಳಗೆ ಏನೂ ಇರಲಿಲ್ಲ. ಮೂಲೆಯಲ್ಲಿ, ಸಂಪರ್ಕ ಇದೆ ಎಂದು ಹೇಳುವ ಹಸಿರು ಚುಕ್ಕೆ ಮಾತ್ರ ಉರಿಯುತ್ತಿತ್ತು.

"ನನಗಂತೂ ಒಂದೂ ಬಂದಿಲ್ಲ," ಎಂದಳು ಬಂಡೆಮ್ಮ. "ನಾ ಪಂಪ್‌ಹೌಸ್‌ನಾಗ ಇದ್ದೆ. ಊರಾಗ ಗದ್ದಲ ಆಗಿದ್ದ ಗೊತ್ತಿಲ್ಲ. ಮೋಟರ್ ಬಂದ್ ಮಾಡಿ ಮ್ಯಾಲ ಬರಾಕತ್ತಿದ್ದೆ, ಈತ ಹಗ್ಗ ಹಿಡಕೊಂಡು ಬಿದ್ದಿದ್ದ."

ಜಾಹೆದಾ ಕೈಚೀಲದಿಂದ ನೋಟ್‌ಬುಕ್ ತೆಗೆದಳು. ಕ್ಷಮೆ ಕೇಳಲು ಬಂದವಳಿಗೆ ಈಗ ಬೇರೆ ಕೆಲಸ ಹತ್ತಿತು. ಬಂಡೆಮ್ಮನನ್ನು ಕರೆದುಕೊಂಡು ಮನೆ ಮನೆ ತಿರುಗಿ, ಮೊದಲನೆಯದು ಬಂತೇ, ಎರಡನೆಯದು ಬಂತೇ, ಆಗ ನೀವು ಎಲ್ಲಿದ್ದಿರಿ ಎಂದು ಕೇಳುತ್ತ ಹೋದಳು. ಕೆಲವರು ಬೈದರು. ಒಬ್ಬ ಮುದುಕಿ, ನಿನ್ನ ಸುದ್ದಿಯಿಂದ ನನ್ನ ಕುರಿ ಗುಡ್ಡ ಹತ್ತಿ ಕೂತಾವ ಎಂದು ಬಾಗಿಲು ಹಾಕಿಕೊಂಡಳು. ಸಂಜೆಯ ಹೊತ್ತಿಗೆ ಮೂವತ್ತೊಂದು ಜನರದು ಬರೆದುಕೊಂಡಿದ್ದಳು. ಮೊದಲನೆಯದು ಬಂದದ್ದು ಇಪ್ಪತ್ತನಾಲ್ಕು ಜನರಿಗೆ. ಎರಡನೆಯದು ಹದಿನೈದು ಜನರಿಗೆ ಮಾತ್ರ. ಎರಡನೆಯದು ಬರದವರಲ್ಲಿ ಹೆಚ್ಚಿನವರು ಮೊದಲನೆಯದನ್ನು ನೋಡಿ ಹೊಳೆಗೆ ಇಳಿದವರೇ ಆಗಿದ್ದರು.

ಕೊನೆಗೆ ಬಂಡೆಮ್ಮನ ಹಿಂದೆ ಪಂಪ್‌ಹೌಸಿಗೆ ಇಳಿದಳು. ಇಳಿಯುವ ಮುಂಚೆ ಕಾವ್ಯಾಳಿಗೆ ಫೋನ್ ಮಾಡಿ, ಪರೀಕ್ಷೆಯ ಸರ್ವರ್‌ನಿಂದ ನಿಮಿಷಕ್ಕೊಂದರಂತೆ ಇಪ್ಪತ್ತು ಸಂದೇಶ ತನ್ನ ಮೊಬೈಲಿಗೆ ಕಳಿಸಲು ಹೇಳಿದಳು. ಯಾವ ಸರ್ವರ್ ಎಂದು ಎರಡು ಸಲ ಹೇಳಿಸಿಕೊಂಡಳು. ದಂಡೆ ಅಲ್ಲಿ ಗೋಡೆಯಂತೆ ಎತ್ತರ. ಅರ್ಧ ಇಳಿಯುವಷ್ಟರಲ್ಲಿ ಸಿಗ್ನಲ್ ಹೋಯಿತು. ಏಳನೆಯ ಸಂದೇಶದ ಮೇಲೆ ಏನೂ ಬರಲಿಲ್ಲ. ಚುಕ್ಕೆ ಹಸಿರಾಗಿಯೇ ಇತ್ತು. ಮತ್ತೆ ಮೇಲೆ ಬಂದಾಗ ಹದಿನಾರನೆಯದು ಬಂತು, ಹದಿನೇಳನೆಯದು ಬಂತು. ನಡುವಿನ ಎಂಟು ಬರಲೇ ಇಲ್ಲ. ಕಾದು ನೋಡಿದಳು. ಬರುವಂತಿರಲಿಲ್ಲ. ಸರ್ವರ್ ಸಂದೇಶವನ್ನು ಎಸೆದು ಮರೆತುಬಿಡುತ್ತಿತ್ತು. ಆ ಕ್ಷಣ ಹಿಡಿಯಲು ಕೈ ಚಾಚಿದವರಿಗೆ ಸಿಕ್ಕಿತು, ಉಳಿದವರಿಗೆ ಇಲ್ಲ.

"ನಿನ್ನ ಯಂತ್ರಕ್ಕ ಹೊಳಿ ಇಳದವ್ರು ಕಾಣಂಗಿಲ್ಲ ಅಂದಂಗಾತು," ಎಂದಳು ಬಂಡೆಮ್ಮ.

"ಹೌದಕ್ಕಾ," ಎಂದಳು ಜಾಹೆದಾ.

ಶನಿವಾರ ಕಚೇರಿಯಲ್ಲಿ ಈ ಮಾತು ಬಂದಾಗ ಕಾವ್ಯಾಳ ಮುಖ ಕೆಂಪಾಯಿತು. ಪ್ರೋಗ್ರಾಂ ಅವಳದು. "ಅಕ್ಕ, ಅಲ್ಲಿ ಸಿಗ್ನಲ್ ಇಲ್ಲಂದ್ರ ನಾ ಏನು ಮಾಡ್ಲಿ? ಟವರ್ ನಾ ಹಾಕ್ಲಾ?"

"ಟವರ್ ಬ್ಯಾಡ. ಸಿಗ್ನಲ್ ಮತ್ತ ಬಂದ ಮ್ಯಾಲರೆ ಬರಬೇಕಲ್ಲ. ಬಂದಿಲ್ಲ. ಇಲ್ಲಿ ನೋಡು." ಜಾಹೆದಾ ನೋಟ್‌ಬುಕ್ ಮುಂದಿಟ್ಟಳು. ಕಾವ್ಯಾ ಓದಿದಳು. ಮೂವತ್ತೊಂದು ಹೆಸರು, ಪ್ರತಿ ಹೆಸರಿನ ಮುಂದೆ ಎಲ್ಲಿದ್ದರು ಎಂಬುದು: ಹೊಲ, ಗುಡಿ, ದಂಡಿ, ದಂಡಿ, ದಂಡಿ. ಓದಿ ಮುಗಿಸಿ ತನ್ನ ಮೇಜಿಗೆ ಹೋಗಿ ಪ್ರೋಗ್ರಾಂ ತೆರೆದು ಕೂತಳು. ಸ್ವಲ್ಪ ಹೊತ್ತಿನ ಮೇಲೆ, "ಪುಟ ಸರ್ವರ್‌ಗೆ ಮತ್ತ ಜೋಡಣಿ ಆದಾಗ ತಾ ಕಡೀಗೆ ನೋಡಿದ ಸಂದೇಶದ ನಂಬರ್ ಹೇಳಬೇಕು. ಅದರ ಮುಂದಿನವು ಎಲ್ಲಾ ಸರ್ವರ್ ಕೊಡಬೇಕು. ಮಾಡಬಹುದು," ಎಂದಳು, ಪರದೆಯ ಕಡೆ ಮುಖ ಮಾಡಿಕೊಂಡೇ.

ಸೋಮವಾರ ಸಂಘದವರು ಬಂದಾಗ ಬಸವಪ್ರಸಾದ ಸರ್ವರ್ ತೊಂದರೆ ಎಂದು ಶುರು ಮಾಡಿದ. "ಆ ಮೇಡಂ ಊರಿಗೇ ಬಂದು ಹೇಳಿ ಹೋಗ್ಯಾರ್ರಿ," ಎಂದ ಕಾರ್ಯದರ್ಶಿ. ಬಸವಪ್ರಸಾದ ನೀರು ಕುಡಿದು, ನಡೆದದ್ದನ್ನು ನಡೆದ ಹಾಗೆ ಹೇಳಿದ. ಮಳೆ ಜೋರು ಹಿಡಿಯುವುದರೊಳಗೆ ಸರಿ ಮಾಡಿ ಕೊಡಿ ಎಂದು ಅವರು ಮೂರು ವಾರ ಕೊಟ್ಟರು.

ಜಾಹೆದಾ ಮೊದಲು ಬರೆದದ್ದು ಬೀಗ. ವಿಳಾಸ ನಿಜವಾದ ಸರ್ವರ್‌ನದಾಗಿದ್ದರೆ ಒಂದು ಟೆಸ್ಟೂ ಓಡದಂತೆ ಮಾಡಿದಳು. ಎರಡನೆಯದಾಗಿ, ಗೂಗಲ್ ದಂಡೆಯನ್ನೇ ಟೆಸ್ಟ್ ಮಾಡಿದಳು: ಬ್ರೌಸರ್ ತೆರೆಯುತ್ತದೆ, ನಡುವೆ ಅದರ ಇಂಟರ್‌ನೆಟ್ ಕಡಿಯುತ್ತದೆ, ಆಗ ಎರಡು ಸಂದೇಶ ಹೋಗುತ್ತವೆ, ಮತ್ತೆ ಇಂಟರ್‌ನೆಟ್ ಬರುತ್ತದೆ, ಎರಡೂ ಕಾಣಿಸಬೇಕು, ಮೊದಲನೆಯದು ಮೊದಲು, ಎರಡನೆಯದು ಆಮೇಲೆ. ಕಡಿದಿದ್ದಾಗ ಚುಕ್ಕೆ ಹಸಿರು ಇರಬಾರದು. ಓಡಿಸಿದಳು. ಕೆಂಪು ಬಂತು. ಕೆಂಪು ಕಂಡು ಅಷ್ಟು ಸಮಾಧಾನವಾದದ್ದು ಅವಳಿಗೆ ಅದೇ ಮೊದಲು. ಕಾವ್ಯಾ ಹನ್ನೊಂದು ದಿನ ದುಡಿದಳು. ಹನ್ನೆರಡನೆಯ ದಿನ ಅದು ಹಸಿರಾಯಿತು. ಜಾಹೆದಾ ಅದನ್ನು ಇನ್ನೂರು ಸಲ ಓಡಿಸಿದಳು. ಇನ್ನೂರು ಸಲವೂ ಹಸಿರು. ಇಷ್ಟರ ಮೇಲೆ, ಸಂದೇಶ ನೋಡಿದವರು 'ಕಂಡೆ' ಎಂಬ ಗುಂಡಿ ಒತ್ತಬೇಕು, ಒತ್ತದವರ ಹೆಸರು ಕಾರ್ಯದರ್ಶಿಗೆ ಕಾಣಬೇಕು, ಅವರಿಗೆ ಆತ ಫೋನ್ ಮಾಡಬೇಕು ಎಂದೂ ಸೇರಿಸಿದರು.

ಆಗಸ್ಟ್ ಎರಡನೆಯ ವಾರ ಮಹಾರಾಷ್ಟ್ರದ ಕಡೆ ಮಳೆ ಹೆಚ್ಚಾಗಿ ಮೇಲಿನ ಅಣೆಕಟ್ಟಿನ ಬಾಗಿಲು ತೆರೆದರು. ಬೆಳಗ್ಗೆ ಹನ್ನೊಂದು ಐದಕ್ಕೆ ಕಾರ್ಯದರ್ಶಿಯ ಸಂದೇಶ ಹೋಯಿತು: ಎರಡು ಲಕ್ಷ ನಲವತ್ತು ಸಾವಿರ ಕ್ಯುಸೆಕ್. ರಾಯಚೂರಿನಲ್ಲಿ ಮೂವರೂ ಒಂದೇ ಪರದೆಯ ಮುಂದೆ ನಿಂತರು. ಗೂಗಲ್‌ನ ಐವತ್ತೆಂಟು ಮೊಬೈಲುಗಳಲ್ಲಿ ಒಂದೊಂದೇ 'ಕಂಡೆ' ಬರತೊಡಗಿತು. ನಾಲ್ಕು ನಿಮಿಷಕ್ಕೆ ನಲವತ್ತು. ಹತ್ತು ನಿಮಿಷಕ್ಕೆ ಐವತ್ತೈದು. ಅಂಬರೇಶ ಎಂಬ ಹೆಸರಿನ ಮುಂದೆ 'ಕಂಡೆ' ಮೂಡಿದಾಗ ಜಾಹೆದಾ ಗಮನಿಸಿದಳು. ಹತ್ತೊಂಬತ್ತನೆಯ ನಿಮಿಷಕ್ಕೆ ಕೊನೆಯದು ಬಂತು. ಬಂಡೆಮ್ಮ ಪಂಪ್‌ಹೌಸಿನಿಂದ ಮೇಲೆ ಬಂದಿದ್ದಳು. ಐವತ್ತೆಂಟಕ್ಕೆ ಐವತ್ತೆಂಟು. ಬಸವಪ್ರಸಾದ ಕೆಳಗಿಳಿದು ಹೋಗಿ ಮಿರ್ಚಿ ಭಜಿ ತಂದ.

ಎರಡು ದಿನ ಬಿಟ್ಟು ಬಂಡೆಮ್ಮ ಫೋನ್ ಮಾಡಿದಳು. ನೀರು ಇಳಿದಿತ್ತು. ಜನಕ್ಕೆ, ದನಕ್ಕೆ ಏನೂ ಆಗಿರಲಿಲ್ಲ. "ಅಂಬರೇಶನ ಮೋಟರ್ ಒಂದ ಹೋತು ನೋಡವ್ವ. ಪೈಪು, ಸ್ಟಾರ್ಟರ್ ಎಲ್ಲಾ ಹೋದ್ವು."

"ಆತ ಕಂಡೆ ಅಂತ ಒತ್ಯಾನಲ್ಲಕ್ಕಾ?"

"ಒತ್ಯಾನ. ಒತ್ತಿ, ಮೊಬೈಲ್ ಜೇಬಿನ್ಯಾಗ ಇಟಗೊಂಡು ಚಾ ಕುಡ್ಯಾಕ ಹೋದ. ಮೋಟರ್ ಎತ್ತಲೇ ಅಂದೆ, ಕೇಳಲಿಲ್ಲ. ನಾ ಬೈದು ಬಂದೆ."

ಜಾಹೆದಾ ಅಂಬರೇಶನಿಗೆ ಫೋನ್ ಮಾಡಿದಳು. ಕೈ ಹೇಗಿದೆ ಎಂದು ಕೇಳಿದಳು. ಪ್ಲಾಸ್ಟರ್ ಬಿಚ್ಚಿ ಎರಡು ವಾರವಾಯಿತು, ಪೂರ್ತಿ ಮಡಚಲು ಬರುವುದಿಲ್ಲ ಎಂದ. ಅವಳು ಮೋಟರ್‌ನ ಮಾತು ತೆಗೆಯುವ ಮೊದಲೇ ಅವನೇ ತೆಗೆದ.

"ಮೇಡಂ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಆವತ್ತೂ ಹಿಂಗ ಗಂಟಿ ಹೊಡೀತು, ಹಿಂಗ ಲಕ್ಷಗಟ್ಟಲೆ ಬರದಿತ್ತು. ಇದೂ ನಿಮ್ಮ ಪರೀಕ್ಷಾನ ಇರಬೇಕು ಅನ್ಕೊಂಡೆ. ಕೈ ಬ್ಯಾರೆ ಇನ್ನೂ ನೋವು. ಆತು, ನೋಡೂಣು ಅಂದೆ."

ಫೋನಿಟ್ಟು ಜಾಹೆದಾ ಕಿಟಕಿಯ ಹತ್ತಿರ ಹೋದಳು. ಕೆಳಗೆ ರಸ್ತೆಯಲ್ಲಿ ಆಟೋಗಳು ಸಿಕ್ಕಿಹಾಕಿಕೊಂಡು ಹಾರ್ನು ಹೊಡೆಯುತ್ತಿದ್ದವು. ಅವಳ ಟೆಸ್ಟ್‌ಗಳು ನೋಡಬಹುದಾದದ್ದನ್ನೆಲ್ಲ ನೋಡಿದ್ದವು. ಸಂದೇಶ ಹೊರಟಿತ್ತು, ಮುಟ್ಟಿತ್ತು, ಓದಿದ್ದೂ ಆಗಿತ್ತು. ಅಂಬರೇಶ ಅಂದು ಚಹಾ ಕೊಟ್ಟು 'ಆತು ಬಿಡ್ರಿ' ಎಂದದ್ದು ಮರ್ಯಾದೆಯ ಮಾತು. ಅದನ್ನು ಅವಳು ನಂಬಿಕೆ ಎಂದು ತಿಳಿದಿದ್ದಳು.

ಆ ವಾರ ಅವಳು ಮತ್ತೊಮ್ಮೆ ಗೂಗಲ್‌ಗೆ ಹೋದಳು. ಈ ಸಲ ಕಾವ್ಯಾಳೂ ಬಂದಳು. ಪಂಚಾಯ್ತಿ ಕಟ್ಟೆಗೆ ಇಪ್ಪತ್ತು ಜನ ಸೇರಿದ್ದರು. ಅಂಬರೇಶ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಇನ್ನು ಮುಂದೆ ಪರೀಕ್ಷೆಯ ಸಂದೇಶ ಹೇಳಿ ಕೇಳಿಯೇ ಬರುತ್ತದೆ, ತಿಂಗಳ ಮೊದಲ ಗುರುವಾರ, ಬೇರೆ ಸದ್ದಿನಲ್ಲಿ, 'ಇದು ಪರೀಕ್ಷೆ' ಎಂಬ ಮಾತಿನಿಂದಲೇ ಶುರುವಾಗುತ್ತದೆ ಎಂದು ಜಾಹೆದಾ ಹೇಳಿದಳು.

"ಅದು ಪರೀಕ್ಷಾ ಅಂತ ಗೊತ್ತಾಗ್ತದ. ಖರೇದು ಖರೇ ಅಂತ ಹೆಂಗ ಗೊತ್ತಾಗ್ತದ?" ಎಂದು ಹಿಂದಿನಿಂದ ಅಂಬರೇಶ ಕೇಳಿದ.

"ನೀವ ಹೇಳ್ರಿ. ಏನು ಬರದಿದ್ರ ನಂಬ್ತೀರಿ?" ಎಂದು ಜಾಹೆದಾ ತಿರುಗಿ ಕೇಳಿದಳು.

ಅವನು ಕಂಬ ಬಿಟ್ಟು ಮುಂದೆ ಬಂದ. "ಬಂಡೆಮ್ಮ ಅಣೆಕಟ್ಟಿಗೆ ತಾನ ಫೋನ್ ಹಚ್ಚಿ ಕೇಳ್ಯಾಳ ಅಂದ್ರ ನಂಬ್ತೀನಿ."

ಕೂತವರು ನಕ್ಕರು. "ನನ್ನ ಮಾತು ಆವತ್ತು ಎಲ್ಲಿ ಕೇಳಿದ್ಯೋ ಮೂಳಾ?" ಎಂದು ಬಂಡೆಮ್ಮ ರೇಗಿದಳು. ಆವತ್ತು ನೀನೂ ಮೊಬೈಲು ನೋಡಿಯೇ ಹೇಳಿದ್ದಲ್ಲ ಎಂದ ಅಂಬರೇಶ. ಅದು ನಿಜವೇ ಆಗಿತ್ತು.

ಕಾವ್ಯಾ ಅದನ್ನು ಬರೆದುಕೊಂಡಳು. ಪ್ರತಿ ಊರಿಗೂ ಒಬ್ಬರು. ಸಂದೇಶ ಬಂದ ಮೇಲೆ ಅವರು ಅಣೆಕಟ್ಟಿಗೆ ಸ್ವತಃ ಫೋನ್ ಮಾಡಿ, ವಿಚಾರಿಸಿ, ತಮ್ಮ ಹೆಸರಿನಲ್ಲಿ ಒಂದು ಸಾಲು ಸೇರಿಸಬೇಕು. ಗೂಗಲ್‌ಗೆ ಬಂಡೆಮ್ಮ ಎಂದು ಎಲ್ಲರೂ ಒಪ್ಪಿದರು. ಅವಳಿಗೆ ಮೊಬೈಲಿನಲ್ಲಿ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಒಂದೇ ಗುಂಡಿ ಸಾಕೆಂದರು. ಜಾಹೆದಾ ಅದಕ್ಕೂ ಮೂರು ಟೆಸ್ಟ್ ಬರೆದಳು.

ಅಕ್ಟೋಬರ್ ಮೊದಲ ವಾರದ ಮಂಗಳವಾರ ಮತ್ತೆ ನೀರು ಬಿಟ್ಟರು, ಮೊದಲಿನಷ್ಟಲ್ಲ. ಹತ್ತು ಇಪ್ಪತ್ತಕ್ಕೆ ಸಂದೇಶ ಹೋಯಿತು. ಅಂಬರೇಶನ ಹೆಸರಿನ ಮುಂದೆ ಎರಡೇ ನಿಮಿಷದಲ್ಲಿ 'ಕಂಡೆ' ಬಂತು. ಹತ್ತು ನಲವತ್ತಕ್ಕೆ 'ಬಂಡೆಮ್ಮ ಕೇಳಿದ್ದಾಳೆ, ನಿಜ' ಎಂಬ ಸಾಲು ಮೂಡಿತು. ಜಾಹೆದಾ ಪರದೆ ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಅವಳದೇ ಮೊಬೈಲು ಬಡಿಯಿತು.

"ಮೇಡಂ, ಅಂಬರೇಶ. ನೀರು ಬರಾಕತ್ತದಂತ. ಬಂಡೆಮ್ಮನೂ ಹೇಳ್ಯಾಳ. ಖರೇನ?"

"ಖರೇನ್ರಿ."

"ನಿಮ್ಮ ಟೆಸ್ಟ್ ಅಲ್ಲಲ್ಲ?"

"ಅಲ್ಲ. ಕಾರ್ಯದರ್ಶಿಯವರದು. ನಾನೂ ಇಲ್ಲಿ ನೋಡಾಕತ್ತೀನಿ."

ಆ ಕಡೆ ಗಾಳಿಯ ಸದ್ದು, ದೂರದಲ್ಲಿ ಒಂದು ಟ್ರ್ಯಾಕ್ಟರ್.

"ಬೀಗರ ಮೋಟರ್ ತಂದು ಕೂಡ್ರಿಸೀನ್ರಿ. ಇದೂ ಹೋದ್ರ ಅವ್ರ ಮಾರಿ ಹೆಂಗ ನೋಡ್ಲಿ. ಎತ್ತತೀನಿ ಹಂಗಾದ್ರ," ಎಂದ ಅಂಬರೇಶ. "ಪ್ರತಿ ಸಲ ಹಿಂಗ ಫೋನ್ ಮಾಡಿದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ."

"ಮಾಡ್ರಿ. ಒಬ್ಬರೇ ಎತ್ತಬ್ಯಾಡ್ರಿ, ಇನ್ನೊಬ್ಬರನ್ನ ಕರೀರಿ," ಎಂದಳು ಜಾಹೆದಾ.

ಅವನು ಫೋನು ಕಡಿಯುವುದನ್ನು ಮರೆತು ಜೇಬಿಗೆ ಹಾಕಿಕೊಂಡಿದ್ದ. ಹಗ್ಗ ತಾರೋ ಎಂದು ಯಾರನ್ನೋ ಕೂಗುವುದು, ಚಪ್ಪಲಿಯ ಸಪ್ಪಳ, ಮತ್ತೊಂದು ಗಂಡು ದನಿ ಓಗೊಟ್ಟದ್ದು ಕೇಳಿಸಿತು. ದಂಡೆ ಇಳಿದಂತೆ ಸದ್ದು ತುಂಡು ತುಂಡಾಗಿ, ಆಮೇಲೆ ನಿಂತಿತು.